ದೂತ ಬಂಟ್ಯಾನ ಮಹಾನಿಶ್ವಾಸ

ದ್ವಾಪರದ ಕಹಳೆಗಳು ಮೌನವಾಗಿ, ಅಕ್ಷೌಹಿಣಿಗಳ ಧೂಳು ಅಡಗಿ, ಕಲಿಯು ತನ್ನ ಪಾದವನ್ನು ಭದ್ರವಾಗಿ ಊರಿದ ಕಾಲದಲ್ಲಿ, ಕುಪ್ಪಸಖಣಪ್ರಸಿದ್ಧವಾದ ಗುಳೇದಗುಡ್ಡವೆಂಬ ಪುರದಲ್ಲಿ, ಕುಣಿಮಗ್ಗಸಿಂಹಾಸನಾಧೀಶ್ವರನೂ ಲಾಳಿಸಂಚಾಲನಚತುರನೂ ಪರಾಭವಾನಭಿಜ್ಞನೂ ಆದ ಶಿವಪುತ್ರಪ್ಪನೆಂಬ ನೇಕಾರನಿದ್ದನು. ಅವನ ಕಥೆಗೆ ಕಿವಿಗೊಡುವವರ ಮನೆಯಲ್ಲಿ ರೊಟ್ಟಿ ಸದಾ ಉಬ್ಬಲಿ.

ಈ ವೀರನು ಒಂದು ಅಶುಭ ಮುಹೂರ್ತದಲ್ಲಿ, ಧರ್ಮಪತ್ನಿ ನೀಲವ್ವ ಬಡಿಸಿದ ಝುಣಕವನ್ನು ಬಾಯಿಗಿಟ್ಟು, ನಿನ್ನ ಅಕ್ಕನ ಕೈರುಚಿಯೇ ಬೇರೆ ಎಂದುಬಿಟ್ಟನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರೋಷಾರುಣನೇತ್ರೆಯೂ ರೊಟ್ಟಿತಾಡನಕಠಿನಕರತಲೆಯೂ ಆದ ನೀಲವ್ವ ಅಂದೇ ಗಂಡನೊಡನೆ ಮಾತು ಬಿಟ್ಟಳು. ತಾನೇನು ಕಡಿಮೆಯೇ ಎಂದು ಅವನೂ ಬಿಟ್ಟನು. ಮಾತು ಬಿಟ್ಟರೂ ಸಂಸಾರ ಬಿಡಲಾದೀತೇ? ಇಂಥ ಸಮರಗಳಲ್ಲಿ ಮನೆಯ ಮೂಕಪ್ರಾಣಿಯೇ ದೂತನಾಗುವುದು ಆ ಕೇರಿಯ ರೂಢಿ. ಹಾಗೆ ದೌತ್ಯಕ್ಕೆ ನಿಯುಕ್ತನಾದವನು ಮನೆಯ ನಾಯಿ ಬಂಟ್ಯಾ. ಅವನ ಮುಖ ನೋಡಿ ಒಬ್ಬರು ಹೇಳುವುದು, ಇನ್ನೊಬ್ಬರು ಕೇಳಿಸಿಕೊಳ್ಳುವುದು.

ಹೀಗೆ ಕೆಲವು ದಿನ ಕಳೆದ ಮೇಲೆ, ಒಂದು ಮಧ್ಯಾಹ್ನ ಶಿವಪುತ್ರಪ್ಪನು ಮಗ್ಗದ ಕುಣಿಯಲ್ಲಿ ನಿಂತು ಮೀಸೆ ತೀಡಿ ಘೋಷಿಸಿದನು: "ಬಂಟ್ಯಾ, ಹುಲಿ ಹಸದ್ರೂ ಹುಲ್ಲು ತಿನ್ನೂದಿಲ್ಲ. ಈ ಮನ್ಯಾಗ ಮದಲ ಬಾಯಿ ಬಿಡೂ ಗಂಡಸು ನಾ ಅಲ್ಲಂತ ಅಕಿಗೆ ಹೇಳು."

ಒಳಗಿನಿಂದ ಪ್ರತ್ಯಸ್ತ್ರ ಬಂತು. "ಬಂಟ್ಯಾ, ಹುಲಿಗೆ ರೊಟ್ಟಿ ಬಡದಿಟ್ಟೀನಿ. ಆರೋದ್ರಾಗ ಬಂದು ತಿನ್ನಂತ ಹೇಳು."

ಹುಲಿ ತಿಂದಿತು. ತಿಂದು ಮಗ್ಗಕ್ಕೆ ಮರಳಿ ನೋಡಿದರೆ, ದೂತನು ಕುಣಿಯ ಅಂಚಿನಲ್ಲಿ ಅಡ್ಡಬಿದ್ದು ನಿದ್ರಿಸುತ್ತಿದ್ದನು. ಕಮ್ಮಾರನ ತಿದಿಯಂತೆ ಅವನ ಹೊಟ್ಟೆ ಏರಿಳಿಯುತ್ತಿತ್ತು. ಕನಸಿನಲ್ಲಿ ಬೆಕ್ಕನ್ನು ಅಟ್ಟುತ್ತಿರಬಹುದೆಂದು ಶಿವಪುತ್ರಪ್ಪ ಮೊದಲು ಬಗೆದನು. ಆದರೆ ಕಾಲು ಮಿಸುಕಲಿಲ್ಲ. ಸೆಕೆಯಿರಬೇಕೆಂದು ಟವೆಲಿನಿಂದ ಗಾಳಿ ಬೀಸಿದನು. ಉಸಿರು ಇನ್ನಷ್ಟು ಬಿರುಸಾಯಿತು. ಆಗ ಆ ಎಂಟೆದೆಯ ಬಂಟನ ಎಂಟೂ ಎದೆಗಳು ಒಟ್ಟಿಗೇ ನಡುಗಿದವು. ನಾಯಿ ಸತ್ತರೆ ನಾಯಿಯೂ ಹೋಯಿತು, ಹೆಂಡತಿಯ ದನಿ ಕಿವಿಗೆ ಬೀಳುವ ಏಕೈಕ ದಾರಿಯೂ ಹೋಯಿತು. ಅವನಿಗೆ ನಿಜವಾಗಿ ಅಳು ಬಂತು.

"ಬಂಟ್ಯಾ, ಅಕಿನ್ನ ಕರಿ," ಎಂದನು, ಬಂಟ್ಯಾನಿಗೇ. ದೂತನು ಗೊರಕೆ ಹೊಡೆದನು.

ಪ್ರತಿಜ್ಞಾಪರ್ವತವು ಅಲ್ಲಿಗೆ ಕುಸಿಯಿತು. ಮಹಾವೀರನು ಕುಣಿಯಿಂದೆದ್ದು, ದುರ್ಲಂಘ್ಯವಾದ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ನುಡಿದನು: "ನೀಲಾ, ಬಂಟ್ಯಾ ಉಸರಾಡಾಕ ಒದ್ದಾಡಾಕತ್ತೈತಿ."

ಅವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು. ನಾಯಿಯ ಹೊಟ್ಟೆಯನ್ನು ಮುಟ್ಟಿ ನೋಡಿ, ಗಂಡನ ಕಡೆ ತಿರುಗಿದಳು.

"ನೀವೇನರ ತಿನ್ನಾಕ ಹಾಕಿದ್ರೇನ್ರಿ?"

"ಸಿಟ್ಟಿನ್ಯಾಗ ನೀ ಮರತೀಯಂತ ನನ್ನ ತಾಟಿನ್ಯಾಗಿನ ರೊಟ್ಟಿ ಹಾಕಿದೆ."

"ಸಿಟ್ಟು ನಿಮ್ಮ ಮ್ಯಾಲ. ನಾಯಿ ಮ್ಯಾಲಲ್ಲ. ನಾನೂ ಮಜ್ಜಿಗ್ಯಾಗ ರೊಟ್ಟಿ ಮುರದು ಹಾಕೀನಿ, ದಿನಾ ಹಾಕ್ತೀನಿ."

ದಿನಾ ತಾನೂ ಹಾಕುತ್ತಿರುವುದನ್ನು ಅವನು ತಲೆ ತಗ್ಗಿಸಿ ಒಪ್ಪಿಕೊಂಡನು. ಆ ಕ್ಷಣದಲ್ಲಿ ಬಂಟ್ಯಾ ಒಂದು ದೀರ್ಘವಾದ ತೇಗು ತೇಗಿ ಮಗ್ಗುಲು ಬದಲಿಸಿದನು. ನೀಲವ್ವ ನಕ್ಕಳು. ನಗು ನಿಂತ ಮೇಲೆ, ಝುಣಕ ಯಾರದು ಚಲೋ ಎಂದು ಕೇಳಿದಳು. ಸತ್ಯಸಂಧನೆಂದು ಕೇರಿಯಲ್ಲೆಲ್ಲ ಹೆಸರಾಗಿದ್ದ ಶಿವಪುತ್ರಪ್ಪನು ಸತ್ಯವನ್ನು ಪಕ್ಕಕ್ಕಿಟ್ಟು, ಅವಳದೇ ಎಂದನು.

ಸಂಜೆ ಬಂಟ್ಯಾನಿಗೆ ಒಂದೇ ಊಟ ಬಂತು. ತಿಂದು ತಾಟು ನೆಕ್ಕಿ, ಒಮ್ಮೆ ಅಡುಗೆಮನೆಯ ಕಡೆ, ಒಮ್ಮೆ ಮಗ್ಗದ ಕಡೆ ನೋಡುತ್ತ ಬಹಳ ಹೊತ್ತು ಕಾದನು. ಗಂಡ ಹೆಂಡತಿ ಕಟ್ಟೆಯ ಮೇಲೆ ಮಾತಾಡುತ್ತ ಕೂತಿದ್ದರು.