ಹೊನ್ನಮ್ಮನನ್ನು ಬದುಕಿಸಿಕೊಡುವ ಬಗ್ಗೆ

ಇಂದ:
ರಾಜಶ್ರೀ, ಬಿ.ಎ.,
ಬಾಡಿಗೆದಾರಳು, ಎರಡನೇ ಮಹಡಿಯ ಒಂಟಿ ಕೋಣೆ (ನೀರಿನ ಟ್ಯಾಂಕಿನ ಪಕ್ಕದ್ದು),
‘ಮುನೇಶ್ವರ ನಿಲಯ’, ಮಡಿವಾಳ ಕೆರೆಯ ಹಿಂದಿನ ಅಡ್ಡರಸ್ತೆ,
ಬಿ.ಟಿ.ಎಂ. ಲೇಔಟ್, ಬೆಂಗಳೂರು.

ಗೆ:
ಶ್ರೀಮತಿ ಲಕ್ಷ್ಮಿದೇವಮ್ಮನವರು,
ಮನೆಯ ಮಾಲೀಕರು, ನೆಲಮಹಡಿ,
ವಿಳಾಸ ಅದೇ.

(ಈ ಮನೆಯ ಪದ್ಧತಿಯಂತೆ ಬಾಡಿಗೆದಾರರ ಅರ್ಜಿಗಳೆಲ್ಲ ತಮ್ಮ ಯಜಮಾನರಾದ ಶ್ರೀ ಬೈರಣ್ಣನವರ ಮುಖಾಂತರ ಬರಬೇಕು. ಇದೊಂದು ಮಾತ್ರ ನೇರವಾಗಿ ಬಂದಿದೆ. ಕಾರಣ ಅಂಶ 9ರಲ್ಲಿದೆ.)

ವಿಷಯ: ನಿಂತುಹೋಗಿರುವ ತಮ್ಮ ವರಾಂಡದ ಮಾತುಕತೆಯನ್ನು ಪುನರಾರಂಭಿಸುವ ಹಾಗೂ ನನ್ನ ಕಾದಂಬರಿಯಲ್ಲಿ ಮೃತಪಟ್ಟಿರುವ ಹೊನ್ನಮ್ಮ ಎಂಬುವವರನ್ನು ಬದುಕಿಸಿಕೊಡುವ ಬಗ್ಗೆ.

ಉಲ್ಲೇಖ: 1. ನನ್ನ ಸ್ವಯಂ ಪ್ರಕಟಿತ ಕಾದಂಬರಿ ‘ಮೂಲೆ ಸೈಟು’, ಕೊನೆಯ ಅಧ್ಯಾಯ.
2. ಸದರಿ ಪುಸ್ತಕವು ತಮ್ಮ ದೇವರ ಮನೆಯಲ್ಲಿ ಮುಚ್ಚದ ಸ್ಥಿತಿಯಲ್ಲಿರುವುದು.
3. ಸಂಕ್ರಾಂತಿಯಿಂದ ಈಚೆಗೆ ತಾವು ನನ್ನೊಂದಿಗೆ ಆಡಿರುವ ಒಟ್ಟು ಮಾತು: “ಮೋಟ್ರು ಆಕವ್ರೆ.”

ಮಾನ್ಯರೇ,

ಮೇಲ್ಕಂಡ ವಿಷಯವನ್ನು ತಮ್ಮ ಅವಗಾಹನೆಗೆ ತರುತ್ತಾ ಈ ಕೆಳಗಿನ ಅಂಶಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

1. ಬಾಯಲ್ಲಿ ಹೇಳಿ ಮುಗಿಸಬಹುದಾದ್ದನ್ನು ಬರೆದು ಕೊಡುತ್ತಿರುವುದಕ್ಕೆ ಎರಡು ಕಾರಣಗಳಿವೆ. ಒಂದು, ಬೈರಣ್ಣನವರು. ಈ ಬಡಾವಣೆ ಇನ್ನೂ ಹಳ್ಳಿಯಾಗಿದ್ದಾಗ ಪಂಚಾಯ್ತಿ ಸದಸ್ಯರಾಗಿದ್ದ ಅವರು, ನಲ್ಲಿ ಸೋರಿದರೂ “ಬರ್ದ್ಕೊಡಮ್ಮ, ನೋಡಾಣ” ಎನ್ನುತ್ತಾರೆ. ಬರೆದು ಕೊಟ್ಟರೆ ಹಸಿರು ಇಂಕಿನಲ್ಲಿ ‘ಪರಿಶೀಲಿಸಿದೆ’ ಎಂದು ರುಜು ಹಾಕುತ್ತಾರೆ. ನಲ್ಲಿ ಸೋರುತ್ತಲೇ ಇರುತ್ತದೆ. ಎರಡು, ನನಗೆ ಬಾಯಿಲ್ಲ. ಇದೇ ವಿಷಯ ಮಾತಾಡಲೆಂದು ಹಲವು ಬಾರಿ ತಮ್ಮ ಬಾಗಿಲಿಗೆ ಬಂದು, ತಾವು ಹುಬ್ಬೆತ್ತಿದ ಕೂಡಲೇ ಹೆಪ್ಪು ಕೇಳಿ ಹಿಂದಿರುಗಿದ್ದೇನೆ. ಸದ್ಯ ನನ್ನ ಕೋಣೆಯಲ್ಲಿ ಒಬ್ಬಳಿಂದ ಉಂಡು ಮುಗಿಸಲಾಗದಷ್ಟು ಮೊಸರಿದೆ.

2. ನಾನು ಹಗಲು ಒಂದು ಕಂಪನಿಯಲ್ಲಿ ಗ್ರಾಹಕರ ದೂರುಗಳಿಗೆ ಕನ್ನಡದಲ್ಲಿ ಇಮೇಲ್ ಉತ್ತರ ಬರೆಯುತ್ತೇನೆ. ಸಂಜೆ ಕಾದಂಬರಿ ಬರೆಯುತ್ತೇನೆ. ಹಸ್ತಪ್ರತಿ ಕಳಿಸಿದ ಪ್ರಕಾಶಕರು ಯಾರೂ ಉತ್ತರ ಬರೆಯಲಿಲ್ಲವಾದ ಕಾರಣ ನಾನೇ ಪ್ರಕಾಶಕಿಯಾದೆ. ಕರಡು ತಿದ್ದಿದವಳು, ಮೊಬೈಲಿನಲ್ಲಿ ಮುಖಪುಟ ಮಾಡಿದವಳು, ಮಾರಬೇಕಾದವಳು ಎಲ್ಲ ನಾನೇ. ಕರಡು ತಿದ್ದಿದವಳ ಅಜಾಗರೂಕತೆಯಿಂದ ಪುಸ್ತಕದಲ್ಲಿ ಹದಿಮೂರನೇ ಅಧ್ಯಾಯದ ಬಳಿಕ ಹದಿನೈದನೆಯದು ಬರುತ್ತದೆ. ಈವರೆಗೆ ಯಾರೂ ಆಕ್ಷೇಪಣೆ ಸಲ್ಲಿಸಿಲ್ಲ. ಮಾರಬೇಕಾದವಳ ಕಥೆ ಇನ್ನೂ ಕಷ್ಟದ್ದು. ಜಯನಗರದ ಪುಸ್ತಕದಂಗಡಿಯೊಂದಕ್ಕೆ ಪ್ರತಿಗಳನ್ನು ಹೊತ್ತು ಹೋಗಿದ್ದಳು.

“ಯಾರ್ದು ಮೇಡಂ ಬುಕ್ಕು?” ಎಂದರು ಅಂಗಡಿಯವರು.

“ನನ್ನ ಫ್ರೆಂಡ್‌ದು ಸಾರ್.”

“ಚೆನ್ನಾಗಿದ್ಯಾ?”

“ನಾನಿನ್ನೂ ಓದಿಲ್ಲ.”

ಆದ್ದರಿಂದ ಉಳಿದ ಪ್ರತಿಗಳು ಮಂಚದ ಕೆಳಗಿವೆ. ಮಂಚದ ಗಿಡ್ಡ ಕಾಲಿಗೆ ಎರಡು ಪ್ರತಿ ಆಧಾರವಾಗಿವೆ ಎಂಬುದನ್ನೂ ಈ ಸಂದರ್ಭದಲ್ಲಿ ತಿಳಿಸಿಬಿಡುತ್ತೇನೆ.

3. ನಮ್ಮೂರು ಕುಷ್ಟಗಿ ಕಡೆ. ನನ್ನ ಬಾಯಲ್ಲಿ ಬರುವಷ್ಟು ಮಾತು ನಮ್ಮೂರಿನದೇ. ಕಾದಂಬರಿ ಮಾತ್ರ ಈ ಊರಿನದು. ಹೊಲವೆಲ್ಲ ಬಡಾವಣೆಯಾದ ಮೇಲೂ ಮೂಲೆ ಸೈಟೊಂದನ್ನು ಮಾರದೆ ಅದರಲ್ಲಿ ದಂಟಿನ ಸೊಪ್ಪು ಬೆಳೆಯುವ ಹೊನ್ನಮ್ಮನ ಕಥೆ. ಮೊದಲ ಕರಡಿನಲ್ಲಿ ಈ ಹೊನ್ನಮ್ಮ ನನ್ನ ಆಫೀಸಿನ ಇಮೇಲಿನಂತೆ ಮಾತಾಡುತ್ತಿದ್ದಳು. ಸೈಟು ಕೇಳಲು ಬಂದ ಬ್ರೋಕರನಿಗೆ, “ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇನೆ” ಎಂದಿದ್ದಳು. ಇದು ಓಡುವ ಕಾದಂಬರಿಯಲ್ಲ ಎಂದು ಡೈರಿಯಲ್ಲಿ ಬರೆದುಕೊಂಡು ಮಲಗಿದ್ದೆ.

4. ನನ್ನ ಕೋಣೆಯದು ಶೀಟಿನ ಛಾವಣಿ. ಸಂಜೆಯವರೆಗೂ ಕಾದಿರುತ್ತದೆ. ಆದ್ದರಿಂದ ಮೆಟ್ಟಿಲ ತಿರುವಿನಲ್ಲಿ ಯಾರೋ ಬೋರಲು ಹಾಕಿಟ್ಟಿದ್ದ ಬಕೆಟ್ಟಿನ ಮೇಲೆ ಕುಳಿತು ಬರೆಯುವ ಅಭ್ಯಾಸ ಮಾಡಿಕೊಂಡೆ. ಕೆಳಗೆ ವರಾಂಡದಲ್ಲಿ ತಾವು ಅವರೆಕಾಯಿ ಬಿಡಿಸುತ್ತಾ ತಲಘಟ್ಟಪುರದ ತಮ್ಮ ಅಕ್ಕ ಬೈರಮ್ಮನವರೊಂದಿಗೆ ಮಾತಾಡುವ ಹೊತ್ತು ಅದು. ಕೈ ಬಿಡುವಿಲ್ಲದ ಕಾರಣ ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟಿರುತ್ತೀರಿ. ಫೋನ್ ಇಲ್ಲದಿದ್ದರೂ ತಲಘಟ್ಟಪುರಕ್ಕೆ ಕೇಳಿಸೀತು ಎಂಬ ದನಿ ತಮ್ಮದು. ಮೊದಲ ಸಂಜೆಯೇ ಯಾರೋ ಬೀಗಿತ್ತಿಯ ಬಗ್ಗೆ ತಾವು ಹೇಳಿದಿರಿ: “ಅವ್ಳ ಸಾರು ನೋಡುದ್ರೆ ಉಣ್ಣಾಕ್ ಕೊಟ್ಟವ್ಳೋ ಕೈ ತೊಳ್ಕಳಾಕ್ ಕೊಟ್ಟವ್ಳೋ ಗೊತ್ತಾಗಾಕಿಲ್ಲ ಕಣಕ್ಕ.”

ಬರೆದುಕೊಂಡೆ. ಅದನ್ನು ಹೊನ್ನಮ್ಮನ ಬಾಯಿಗೆ ಹಾಕಿದೆ. ಹೊನ್ನಮ್ಮ ಎದ್ದು ಕುಳಿತು ಸೆರಗು ಸಿಕ್ಕಿಸಿಕೊಂಡಳು. ಅಲ್ಲಿಂದ ಮುಂದೆ ನಾನು ಕಾದಂಬರಿ ಬರೆಯಲಿಲ್ಲ. ಬಕೆಟ್ಟಿನ ಮೇಲೆ ಕುಳಿತು ಕೇಳಿದ್ದನ್ನು ಇಳಿಸಿಕೊಂಡೆ.

5. ಮುದ್ರಣಾಲಯದಿಂದ ಪುಸ್ತಕದ ಕಟ್ಟು ಬಂದಾಗ ನಾನು ಆಫೀಸಿನಲ್ಲಿದ್ದೆ. ತಮ್ಮ ರಿಪೇರಿಯಾದ ಮಿಕ್ಸಿ ಬಂತೆಂದು ತಾವೇ ಬಿಚ್ಚಿದಿರಿ. ಸಂಜೆ ನಾನು ಬಂದಾಗ ಒಂದು ಪ್ರತಿಗೆ ಆಗಲೇ ಅರಿಶಿನ ಕುಂಕುಮ ಹಚ್ಚಿಯಾಗಿತ್ತು.

“ಏನಮ್ಮ, ಮೂಗಿಯಂಗಿದ್ದು ಇಷ್ಟ್ ದಪ್ಪ ಬುಕ್ ಬರ್ದಿದೀಯ? ನಮ್ಮನೇಲಿ ಬರ್ದಿರಾದು. ಮೊದುಲ್ನೇದು ನಮ್ಗೇ.”

ತಮ್ಮ ತಾಯಿಯ ಕಾಲದಿಂದ ಈ ಮನೆಯಲ್ಲಿ ಪುರಾಣ ಓದಿಸುವ ಕ್ರಮವಿದ್ದು, ನನ್ನ ಪುಸ್ತಕಕ್ಕೂ ಅದೇ ಮರ್ಯಾದೆ ಸಿಕ್ಕಿತು. ಸಂಜೆ ದೀಪ ಹಚ್ಚಿದ ಮೇಲೆ ತಮ್ಮ ಸೊಸೆ ಅರ್ಪಿತಕ್ಕ ಗಟ್ಟಿಯಾಗಿ ಓದುವುದು, ತಾವು ಅವರೆಕಾಯಿಯೊಂದಿಗೆ ಕೇಳುವುದು, ತಲಘಟ್ಟಪುರ ಸ್ಪೀಕರಿನಲ್ಲಿ ಕೇಳುವುದು.

6. ಓದುಗರು ನನ್ನ ಪುಸ್ತಕ ಓದುವುದನ್ನು ನಾನು ಕೇಳಿದ್ದು ಅದೇ ಮೊದಲು. ಬಕೆಟ್ಟಿನ ಮೇಲೆ ಕುಳಿತು, ತಾವು ನಕ್ಕ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ. ಹೊನ್ನಮ್ಮ ಯಾರೆಂದು ತಮಗೆ ತಿಳಿಯಲಿಲ್ಲ. “ಯಾರೋ ನಮ್ ಕಡೇವ್ಳೇ. ನೋಡು, ಎಂಗೆ ನೆಟ್ಟುಗ್ ಮಾತಾಡ್ತಾಳೆ” ಎಂದಿರಿ.

ಸ್ಪೀಕರಿನಿಂದ ಬೈರಮ್ಮನವರು, “ಅಯ್ಯೋ ನಿನ್ನ, ಅದು ನೀನೇ ಕಣೆ” ಎಂದರು.

“ನಾನ್ ಇಷ್ಟ್ ಜೋರಾ?”

“ಪುಸ್ತಕದಾಗ್ ಒಸಿ ಕಮ್ಮಿ ಮಾಡವ್ಳೆ” ಎಂದರು ಅರ್ಪಿತಕ್ಕ.

ಮರುದಿನ ಸೊಪ್ಪಿನ ಗಾಡಿಯವನಿಗೆ, ಹಾಲಿನವನಿಗೆ, ಎದುರುಮನೆಯ ಆಂಟಿಗೆ ತಾವು ಪುಸ್ತಕದೊಳಗಿರುವ ಸುದ್ದಿ ಮುಟ್ಟಿತು. ನನ್ನ ಪುಸ್ತಕಕ್ಕೆ ಸಿಕ್ಕ ಪ್ರಚಾರ ಅದೊಂದೇ. ಅದರ ಫಲವಾಗಿ ಒಂದು ಪ್ರತಿ ಮಾರಾಟವೂ ಆಯಿತು.

7. ಸಂಕ್ರಾಂತಿಯ ಹಿಂದಿನ ಸಂಜೆ ಕೊನೆಯ ಅಧ್ಯಾಯ. ಹೊನ್ನಮ್ಮ ನೀರಿನ ಮೋಟರ್ ನಿಲ್ಲಿಸಲು ಮಹಡಿ ಹತ್ತುತ್ತಾಳೆ. ಮೆಟ್ಟಿಲ ತಿರುವಿನಲ್ಲಿ ಕುಳಿತವಳು ಏಳುವುದಿಲ್ಲ. ಮೇಲೆ ಟ್ಯಾಂಕು ತುಂಬಿ ಹರಿಯುತ್ತಲೇ ಇರುತ್ತದೆ. ಇದನ್ನು ಬರೆದ ದಿನ ನಾನು ಅತ್ತಿದ್ದೆ. ಒಳ್ಳೆಯ ಅಂತ್ಯ ಎಂದು ಡೈರಿಯಲ್ಲಿ ಬರೆದೂ ಇದ್ದೆ.

“ಮುಗೀತು ಅತ್ತೆ” ಎಂದರು ಅರ್ಪಿತಕ್ಕ.

“ಮುಗೀತು ಅಂದ್ರೆ? ಮುಂದ್ಕ್ ಓದು.”

“ಮುಂದೆ ಬರ್ದವ್ಳ ಅಡ್ರೆಸ್ ಐತೆ, ಅಷ್ಟೇಯ.”

ಸ್ಪೀಕರಿನಿಂದ ಬೈರಮ್ಮನವರು ಕೇಳಿದರು: “ಲಕ್ಸ್ಮೀ, ನಿನ್ನ ಸಾಯ್ಸೇಬುಟ್ಳಾ ಆ ಉಡ್ಗಿ?”

ಅರ್ಪಿತಕ್ಕ ಪುಸ್ತಕ ಮುಚ್ಚಹೋದಾಗ ತಾವು ಕೈ ಹಿಡಿದಿರಿ. “ಮುಚ್ಬ್ಯಾಡ. ಕೆಟ್ಟುದ್ರಲ್ಲಿ ಪುಸ್ತಕ ಮುಚ್ಬಾರ್ದು. ಮದ್ವೇನೋ ಪಟ್ಟಾನೋ ಬರಾಗಂಟ ಓದಿ ಮುಚ್ಬೇಕು. ಅಮ್ಮ ಅಂಗೇ ಓದುಸ್ತಿದ್ದಿದ್ದು.” ಆಮೇಲೆ ಮೆಟ್ಟಿಲ ಕಡೆ ನೋಡಿದಿರಿ. ನಾನು ಅಷ್ಟರಲ್ಲಿ ಎದ್ದಿದ್ದೆ. ಬಕೆಟ್ ಕಂಡಿರಬೇಕು.

8. ಸದರಿ ದಿನದಿಂದ ಈ ಕೆಳಗಿನ ಪರಿಣಾಮಗಳಾಗಿವೆ. ಪುಸ್ತಕವು ದೇವರ ಮನೆಯಲ್ಲಿ ತೆರೆದುಕೊಂಡೇ ಇದ್ದು, ಹಾಳೆ ಹಾರದಂತೆ ಅದರ ಮೇಲೆ ಒಂದು ತೆಂಗಿನಕಾಯಿ ಇದೆ. ತಾವು ಅವರೆಕಾಯಿಯನ್ನು ಅಡುಗೆಮನೆಯೊಳಗೆ ಬಾಗಿಲು ಹಾಕಿಕೊಂಡು ಬಿಡಿಸುತ್ತಿದ್ದೀರಿ. ಮಹಡಿ ಹತ್ತುವುದನ್ನು ನಿಲ್ಲಿಸಿದ್ದೀರಿ. ಮೋಟರ್ ಸ್ವಿಚ್ಚಿನ ಪೆಟ್ಟಿಗೆ ಟ್ಯಾಂಕಿನ ಪಕ್ಕದಲ್ಲಿದ್ದು, ಅದರ ಬೀಗದ ಕೈ ತಮ್ಮ ಸೊಂಟದಿಂದ ಬೈರಣ್ಣನವರ ಜೇಬಿಗೆ ವರ್ಗಾವಣೆಯಾಗಿದೆ. ಅವರು ಮೋಟರ್ ಹಾಕಿ, ಬೀಗ ಹಾಕಿ, ಟೀ ಅಂಗಡಿಗೆ ಹೋಗಿಬಿಡುತ್ತಾರೆ. ಮೊನ್ನೆ ಅವರೇ ನನ್ನನ್ನು ನಿಲ್ಲಿಸಿ, “ಏನಮ್ಮ ಅದು ನೀನ್ ಬರ್ದಿರಾದು? ನಮ್ಮನೇವ್ಳು ಮೆಟ್ಲೇ ಅತ್ತಾಕಿಲ್ಲ ಅಂತಾಳಲ್ಲ?” ಎಂದರು. ನಾನು ಅವರಲ್ಲೂ ಹೆಪ್ಪು ಕೇಳಿದೆ.

ನನ್ನ ಎರಡನೇ ಕಾದಂಬರಿಯೂ ನಿಂತಿದೆ. ಅದರ ನಾಯಕ ಮದುವೆಯಾಗುವೆಯಾ ಎಂದು ಕೇಳಿದರೆ ನಾಯಕಿ, “ತಮ್ಮ ಕೋರಿಕೆಯನ್ನು ಸ್ವೀಕರಿಸಲಾಗಿದೆ, ಶೀಘ್ರದಲ್ಲೇ ಸ್ಪಂದಿಸಲಾಗುವುದು” ಎನ್ನುತ್ತಾಳೆ. ಊರಿಗೆ ಫೋನ್ ಮಾಡಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವ್ವ ಕಾದಂಬರಿ ಓದಿದವಳಲ್ಲ. “ಆಕಿನ್ನ ಯಾಕ ಸಾಯ್ಸಿದಿ? ನಿನಗೇನ್ ಮಾಡಿದ್ಲು ಆಕಿ?” ಎಂದಳು. ವಾಸ್ತವಕ್ಕೆ ಹತ್ತಿರವಾಗಿರಲಿ ಅಂತ ಎಂದೆ. “ವಾಸ್ತವದಾಗ ಆಕಿ ಅದಾಳಲ್ಲ, ಕೆಳಗ?” ಎಂದು ಫೋನಿಟ್ಟಳು.

9. ಈಗ ಈ ಅರ್ಜಿ ನೇರವಾಗಿ ಬಂದುದಕ್ಕೆ ಕಾರಣ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ದಯವಿಟ್ಟು ಕನ್ನಡಕ ಹಾಕಿಕೊಂಡು ತಾವೇ ಓದಿಕೊಳ್ಳಿ, ಅರ್ಪಿತಕ್ಕನಿಂದ ಓದಿಸಬೇಡಿ.

ಕಾದಂಬರಿ ಮುಗಿಯುತ್ತ ಬಂದಿದ್ದ ದಿನಗಳಲ್ಲಿ ಒಂದು ಸಂಜೆ ತಾವು ಸ್ಪೀಕರ್ ಆರಿಸಿ, ಫೋನನ್ನು ಕಿವಿಗಿಟ್ಟುಕೊಂಡು ಮಾತಾಡಿದಿರಿ. ತಮ್ಮ ಸಣ್ಣ ದನಿಯೂ ಮೆಟ್ಟಿಲ ತಿರುವಿನವರೆಗೆ ಬರುತ್ತದೆ. “ಮೋಟ್ರು ಆಕಾಕ್ ಮೇಲಕ್ ಅತ್ತುದ್ರೆ ಎದೆ ಇಡ್ಕಂಡಂಗ್ ಆಯ್ತದೆ ಕಣಕ್ಕ. ತಿರುವ್ನಾಗೆ ಒಂದ್ ಬಕೀಟ್ ಇಕ್ಕಂಡಿವ್ನಿ. ಒಂದ್ಗಳ್ಗೆ ಕುಂತು ಎದ್ದೋಯ್ತೀನಿ. ನಮ್ಮನೇವ್ರಿಗ್ ಏಳ್ಬ್ಯಾಡ, ಸುಮ್ಕೆ ಗಾಬ್ರಿ ಬೀಳ್ತಾರೆ.”

ನಾನು ತಮ್ಮ ಬಕೆಟ್ಟಿನ ಮೇಲೆ ಕುಳಿತು ಇದನ್ನು ಕೇಳಿದೆ. ಕೆಳಗಿಳಿದು ಬಂದು, ಆಂಟಿ, ಡಾಕ್ಟರಿಗೆ ತೋರಿಸಿ ಎನ್ನಬೇಕಿತ್ತು. ಅಷ್ಟು ಮಾತು ನನ್ನಲ್ಲಿ ಇರಲಿಲ್ಲ. ಭಯವಾಯಿತು. ಭಯವಾದದ್ದನ್ನು ಬರೆದೆ. ಬರೆದದ್ದು ಅಚ್ಚಾಗಿ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ತಮ್ಮ ವರಾಂಡಕ್ಕೇ ಬಂತು. ಆದ್ದರಿಂದ ತಾವು ಹೆದರಿರುವುದು ನನ್ನ ಕಾದಂಬರಿಗಲ್ಲ ಎಂದು ನಾನು ಬಲ್ಲೆ. ತಮಗೆ ಗೊತ್ತಿದ್ದದ್ದು ಪುಸ್ತಕಕ್ಕೂ ಗೊತ್ತಾಗಿದೆ, ಅದಕ್ಕೆ.

10. ಪುಸ್ತಕಕ್ಕೆ ಅದು ಹೇಗೆ ಗೊತ್ತಾಯಿತೆಂದು ಈಗ ತಿಳಿಯಿತಲ್ಲ. ಅದು ಭವಿಷ್ಯ ಹೇಳಿಲ್ಲ, ಕದ್ದು ಕೇಳಿದೆ ಅಷ್ಟೆ. ಮೇಲಾಗಿ ಸ್ವಯಂ ಪ್ರಕಟಣೆಯಲ್ಲಿ ಇರುವ ಏಕೈಕ ಸೌಲಭ್ಯವೆಂದರೆ ಯಾರನ್ನೂ ಕೇಳದೆ ತಿದ್ದಬಹುದು. ಲೇಖಕಿಯಾದ ನಾನು ಪ್ರಕಾಶಕಿಯಾದ ನನಗೆ ಪರಿಷ್ಕೃತ ಮುದ್ರಣಕ್ಕಾಗಿ ಮನವಿ ಮಾಡಿಕೊಂಡೆ. ಪ್ರಕಾಶಕಿ ಒಂದು ದಿನ ಬಿಗುಮಾನ ತೋರಿಸಿ ಮಂಜೂರು ಮಾಡಿದ್ದಾಳೆ. ಕೊನೆಗೆ ಒಂದು ಅಧ್ಯಾಯ ಸೇರಲಿದೆ. ಖಾಲಿ ಬಿದ್ದಿರುವ ಹದಿನಾಲ್ಕನೇ ಸಂಖ್ಯೆಯನ್ನು ಅದಕ್ಕೆ ಹಂಚಿಕೆ ಮಾಡಲಾಗಿದೆ.

ಅದರಲ್ಲಿ ಹೊನ್ನಮ್ಮ ಸತ್ತಿರುವುದಿಲ್ಲ. ಮೇಲಿನ ಮಹಡಿಯ ಹುಡುಗಿ ಬಂದು ಭುಜ ಹಿಡಿದು ಅಲುಗಿಸುತ್ತಾಳೆ. ಹೊನ್ನಮ್ಮ ಕಣ್ಣು ಬಿಡುತ್ತಾಳೆ. ಬಿಟ್ಟ ಕೂಡಲೇ ಏನೋ ಒಂದು ಅನ್ನುತ್ತಾಳೆ. ಆ ಮಾತು ನನಗೆ ಬರುತ್ತಿಲ್ಲ. ಬರೆದದ್ದೆಲ್ಲ ಇಮೇಲಿನಂತೆ ಕೇಳುತ್ತಿದೆ. ಆದ್ದರಿಂದ ಅಲ್ಲಿ ಒಂದೂವರೆ ಸಾಲಿನ ಜಾಗ ಬಿಟ್ಟಿದ್ದೇನೆ.

11. ಕಾರಣ, ತಾವು ದೊಡ್ಡ ಮನಸ್ಸು ಮಾಡಿ,

ಅ) ಬರುವ ಶನಿವಾರ ಬೆಳಗ್ಗೆ ನನ್ನೊಂದಿಗೆ ಜೆ.ಪಿ. ನಗರದ ಆಸ್ಪತ್ರೆಗೆ ಬಂದು ಎದೆಯನ್ನು ತೋರಿಸಿಕೊಳ್ಳಬೇಕಾಗಿಯೂ (ಫೋನ್ ಮಾಡಿ ಸಮಯ ಗೊತ್ತು ಮಾಡಿದ್ದು ನಾನೇ, ಬಾಯಲ್ಲೇ. ಪೇಷೆಂಟು ನಿಮಗೇನಾಗ್ಬೇಕು ಎಂದು ಕೇಳಿದರು. ನಮ್ಮ ಕಾದಂಬರಿಯವರು ಎಂದು ನಾಲಿಗೆಯ ತುದಿಗೆ ಬಂದಿತ್ತು. ಓನರ್ ಆಂಟಿ ಎಂದೆ);

ಆ) ಬೈರಣ್ಣನವರಿಗೆ ಹೇಳುವುದನ್ನು ತಮ್ಮ ವಿವೇಚನೆಗೆ ಬಿಟ್ಟಿದ್ದು, ಹೇಳುವುದೇ ಸೂಕ್ತವೆಂದು ಶಿಫಾರಸು ಮಾಡುತ್ತಾ, ಅವರಿಂದ ಮೋಟರ್ ಪ್ರಭಾರವನ್ನು ಬಿಡಿಸಿ ನನಗೆ ವಹಿಸಿಕೊಡಬೇಕಾಗಿಯೂ;

ಇ) ಆಸ್ಪತ್ರೆಯಿಂದ ಬಂದ ಮೇಲೆ ಖಾಲಿ ಬಿಟ್ಟಿರುವ ಒಂದೂವರೆ ಸಾಲನ್ನು ತಮ್ಮ ಬಾಯಿಂದ ಭರ್ತಿ ಮಾಡಿ, ಅರ್ಪಿತಕ್ಕನಿಂದ ಓದಿಸಿ, ತೆಂಗಿನಕಾಯಿ ತೆಗೆದು, ಪುಸ್ತಕವನ್ನು ಮುಚ್ಚಬೇಕಾಗಿಯೂ;

ಈ) ವರಾಂಡಕ್ಕೆ ಮರಳಿ ಬರಬೇಕಾಗಿಯೂ ವಿನಂತಿಸುತ್ತೇನೆ. ಮಾತು ಎಲ್ಲಿಂದ ಶುರು ಮಾಡುವುದೆಂದು ತೋಚದಿದ್ದಲ್ಲಿ ನನ್ನನ್ನು ಬೈಯುವುದರಿಂದ ಶುರು ಮಾಡಬಹುದು. ಎಷ್ಟು ಜೋರಾದರೂ ನನ್ನ ಅಭ್ಯಂತರವಿಲ್ಲ. ತಲಘಟ್ಟಪುರದವರೂ ಕಾಯುತ್ತಿದ್ದಾರೆ.

ತಮ್ಮ ವಿಶ್ವಾಸಕ್ಕೆ ಮತ್ತೆ ಪಾತ್ರಳಾಗಲು ಮೇಲಿನ ಮಹಡಿಯಲ್ಲಿ ಕಾದಿರುವ,
ರಾಜಶ್ರೀ

ಲಗತ್ತುಗಳು:
1. ಅಧ್ಯಾಯ ಹದಿನಾಲ್ಕು, ಕರಡು, ಒಂದೂವರೆ ಸಾಲು ಖಾಲಿ.
2. ಶನಿವಾರದ ಆಸ್ಪತ್ರೆ ಚೀಟಿ. ವಯಸ್ಸು ಗೊತ್ತಿಲ್ಲದೆ ಹೊನ್ನಮ್ಮನ ವಯಸ್ಸು ಹೇಳಿದ್ದೇನೆ, ತಿದ್ದಿಕೊಳ್ಳಬೇಕು.
3. ಬಕೆಟ್ಟು ಒಂದು. ಇದನ್ನು ವರಾಂಡದಲ್ಲಿ ಇಟ್ಟಿದ್ದೇನೆ.
4. ಮೊಸರು, ಒಂದು ಪಾತ್ರೆ.

ವಿಶೇಷ ಸೂಚನೆ: ಈ ಅರ್ಜಿ ಬರೆಯುತ್ತಿರುವಾಗ ಟ್ಯಾಂಕು ತುಂಬಿ ನೀರು ನನ್ನ ಹೊಸ್ತಿಲು ದಾಟಿ ಒಳಗೆ ಬರುತ್ತಿದೆ. ಬೈರಣ್ಣನವರು ಟೀ ಅಂಗಡಿಯಲ್ಲಿದ್ದಾರೆ. ಮಂಚದ ಕೆಳಗೆ ಪುಸ್ತಕಗಳಿವೆ. ತಾವು ಮೆಟ್ಟಿಲು ಹತ್ತದೆ, ನಿಂತಲ್ಲಿಂದಲೇ ಅವರನ್ನು ಒಮ್ಮೆ ಕೂಗಬೇಕಾಗಿ ಪ್ರಾರ್ಥನೆ.