ಶಿಗ್ಗಾವಿ ಗಾಯರಾಣದಾಗ ನಾವು ಆಡಿದ ಗಾಲ್ಫ್

ಹೆಣ್ಣಮಕ್ಕಳು ತಲಿಮ್ಯಾಲೆ ಬುಟ್ಟಿ ಇಟಗೊಂಡು ಸುಮ್ಮನ ತಮ್ಮ ದಾರಿ ಹಿಡದು ಹೊಂಟ್ರೂ, ಒಬ್ಬ ಇಲ್ಲ ಒಬ್ಬ ಬಂದು ಅಡ್ಡ ನಿಂದರತಾನ. ಅಂವ ಅಡ್ಡ ನಿಂತ ಅಂದ್ರ ಮುಗೀತು, ಊರಿಗೆ ಒಂದು ವರ್ಷ ನಗಾಕ ಸಾಕಾಗುವಷ್ಟು ಸಾಮಾನು ಬಂತು ಅಂತನ ತಿಳೀರಿ. ನನ್ನ ಆಯುಷ್ಯದಾಗ ಇಂಥಾವು ಆಗಕೋತನ ಬಂದಾವ. ಅದರಾಗ ದೊಡ್ಡ ಲಡಾಯಿ ಸುರು ಆಗೂಕಿಂತ ಮೊದಲ, ಒಂದು ಬ್ಯಾಸಗಿ, ನಾವು ಮೂರು ಮಂದಿ ಗಾಲ್ಫ್ ಆಡಿದ್ದೈತಲ್ಲ, ಅದಕ್ಕ ಸರಿಗಟ್ಟೂದು ಯಾವುದೂ ಇಲ್ಲ. ನಗಬ್ಯಾಡ್ರಿ. ಆಡೇವಿ ಅಂದ್ರ ಆಡೇವಿ.

ನನ್ನ ತವರು ಹಾನಗಲ್ಲ. ಲಗ್ನ ಆಗಿ ಶಿಗ್ಗಾವಿಗೆ ಬಂದೆ. ನಮ್ಮ ಎಡಗಡೆ ಮನ್ಯಾಕಿ ಸವಣೂರಿನ ಮಗಳು, ಬಲಗಡೆ ಮನ್ಯಾಕಿ ಹಿರೇಕೆರೂರಿನಾಕಿ. ನಮ್ಮ ಓಣ್ಯಾಗ ಸೊಸೆಂದ್ರನ್ನ ತವರೂರಿನ ಹೆಸರಲೆ ಕರಿಯೂದು ರೂಢಿ. ಹಿಂಗಾಗಿ ನಾ ಹಾನಗಲ್ಲಾಕಿ, ಅವರು ಸವಣೂರಾಕಿ, ಹಿರೇಕೆರೂರಾಕಿ. ಸಂಜಿಮುಂದ ಮೂರೂ ಮಂದಿ ಕೂಡಿ ಊರ ಹೊರಗಿನ ಗಾಯರಾಣಕ್ಕ ಹೋಗತಿದ್ವಿ. ಅಲ್ಲಿ ಊರ ದನಾ ಮೇಯತಿದ್ವು. ದನಾ ಹಾಕಿದ ಹೆಂಡಿ ಬುಟ್ಟಿಗೆ ತುಂಬಕೊಂಡು ಬಂದು, ಗ್ವಾಡಿಗೆ ಕುಳ್ಳು ಬಡದು ಒಣಗಸಬೇಕು. ಮಳಿ ಹಿಡಿಯೂದ್ರೊಳಗ ಕುಳ್ಳಿನ ಬಣವಿ ಒಟ್ಟದಿದ್ರ ಮಳಿಗಾಲ ಪೂರ್ತಿ ಒಲಿನೂ ತಣ್ಣಗ, ಹೊಟ್ಟಿನೂ ಖಾಲಿ.

ಆ ವರ್ಷ ರಸ್ತೆ ಕೆಲಸ ನೋಡಾಕ ಒಬ್ಬ ಬಿಳಿ ಸಾಹೇಬ ಬಂದು ಬಂಗಲ್ಯಾಗ ಇಳಕೊಂಡ. ಸಂಜಿಮುಂದ ಅಂವಗ ಹೊತ್ತು ಹೋಗವಲ್ದು. ಗಾಯರಾಣದಾಗ ಅಲ್ಲೊಂದು ಇಲ್ಲೊಂದು ತೂತು ತೋಡಿಸಿ, ತೂತಿಗೊಂದು ಬಾವುಟ ನೆಡಿಸಿ, ಉದ್ದನ್ನ ಕೋಲಿಲೆ ನಿಂಬಿಹಣ್ಣಿನಷ್ಟು ಬಿಳಿ ಚೆಂಡು ಹೊಡಿಯಾಕ ಸುರು ಮಾಡಿದ. ಜೋಡಿ ಆಡಾಕ ಅವನ ಕಚೇರಿ ಕಾರಕೂನ. ಈ ಕಾರಕೂನಗ ಚೆಂಡು ಕಾಣತಿರಲಿಲ್ಲ, ಬರೇ ಸಾಹೇಬ ಕಾಣತಿದ್ದ. ಸಾಹೇಬ ನಕ್ರ ನಗತಿದ್ದ, ಸಾಹೇಬ ಬೆವರು ಒರಸಿಕೊಂಡ್ರ ತಾನೂ ಒರಸಿಕೋತಿದ್ದ.

೧. ಪರವಾನಿಗಿ

ಒಂದಿನ ಕಾರಕೂನ ನಮ್ಮ ಮುಂದ ಬಂದು ಕೈ ಅಗಲಿಸಿ ನಿಂತ.

"ಇನ್ನ ಮ್ಯಾಲೆ ಬುಟ್ಟಿ ತಗೊಂಡು ಇಲ್ಲಿ ಬರೂಹಂಗಿಲ್ಲ. ಇದು ಆಟದ ಬೈಲು. ಮಳಿಗಾಲದ್ರೊಳಗ ಸುತ್ತೂಕಡೆ ತಂತಿ ಬೇಲಿ ಬರತೈತಿ."

"ದನಾ ಎಲ್ಲಿ ಮೇಯಬೇಕ್ರಿ?" ಅಂದೆ.

"ಬ್ಯಾರೆ ಕಡೆ."

"ಒಲಿಗೆ ಏನ ಹಾಕೂಣು?"

"ಅದು ಸಾಹೇಬ್ರಿಗೆ ಸಂಬಂಧ ಇಲ್ಲ. ಆಟ ಆಡೋರಿಗಷ್ಟ ಒಳಗ ಪರವಾನಿಗಿ."

ಸವಣೂರಾಕಿ ಬಾಯಾಗಿನ ಎಲಿ ಅಡಿಕಿ ಈ ದವಡಿಯಿಂದ ಆ ದವಡಿಗೆ ಸರಿಸಿದಳು. ತವರಿನಿಂದ ಎಲಿ ತರಸ್ತಿದ್ದಾಕಿ, ಆಕಿ ಬಾಯಿ ಸುಮ್ಮನ ಇದ್ದದ್ದು ನಾ ಕಂಡಿಲ್ಲ. "ಹೌದಾ? ಹಂಗಾದ್ರ ನಾವೂ ಆಡ್ತೇವಿ ಬಿಡ್ರಿ" ಅಂದ್ಲು.

ಮರುದಿನ ಹುಣಸಿಕಾಯಿ ಕೆಡವೂ ಕೊಕ್ಕಿಕೋಲು ಹೆಗಲಮ್ಯಾಲೆ, ಬುಟ್ಟಿ ತಲಿಮ್ಯಾಲೆ, ಹೋಗೇಬಿಟ್ವಿ. ಹಳೀ ಸೀರಿ ಚಿಂದಿ ಸುತ್ತಿ ಚೆಂಡು ಮಾಡಿದ್ವಿ. ತೂಕ ಬರಲಿ ಅಂತ ಒಳಗ ಒಂದೊಂದು ಮುಷ್ಟಿ ಹತ್ತಿಕಾಳು. ಕಾರಕೂನಗ ತಾನಾಡಿದ ಮಾತು ತಿರುಗಿ ನುಂಗಾಕ ಆಗಲಿಲ್ಲ. ಅಂಜಿಸಿದ್ರ ಓಡಿ ಹೋಗತಾರ ಅಂತ ಕಾಯಿದೆ ಹೇಳಾಕ ಹತ್ತಿದ. "ಚೆಂಡು ಎಲ್ಲಿ ಬೀಳತೈತಿ ಅಲ್ಲಿಂದನ ಹೊಡೀಬೇಕು. ಕೈಲೆ ಮುಟ್ಟೂಹಂಗಿಲ್ಲ. ತೂತಿನ್ಯಾಗ ಬೀಳೂತನಕ ಬಿಡೂಹಂಗಿಲ್ಲ. ತಿಳೀತ?"

ಹಿರೇಕೆರೂರಾಕಿ ಅಂದ್ಲು, "ಇಷ್ಟನ? ನಮ್ಮ ಅತ್ತಿ ಮನ್ಯಾಗಿನ ಕಾಯಿದೆ ಕೇಳಿದ್ರ ನೀವು ಅತ್ತ ಬಿಡ್ತೀರಿ."

ಒಂದು ಹೊಡತ ಹೊಡಿಯೂದು, ಬಗ್ಗಿ ಹೆಂಡಿ ತುಂಬೂದು, ಮತ್ತೊಂದು ಹೊಡತ. ಹೊತ್ತು ಇಳಿಯೂ ಮುಂದ ಸಾಹೇಬ ಹತ್ರ ಬಂದು ಏನೋ ಕೇಳಿದ. ನೀವು ಎಷ್ಟು ಹೊಡತಕ್ಕ ಆಟ ಮುಗಿಸಿದ್ರಿ ಅಂತ ಕೇಳ್ತಾರ ಅಂತ ಕಾರಕೂನ ಬಿಡಿಸಿ ಹೇಳಿದ.

ಹಿರೇಕೆರೂರಾಕಿ ಬುಟ್ಟಿ ಬಗ್ಗಿಸಿ ಸಾಹೇಬನ ಮುಖದ ಮುಂದ ಹಿಡದಳು. "ಹೊಡತ ಯಾರು ಎಣಸ್ತಾರ್ರಿ? ಬುಟ್ಟಿ ತುಂಬೇತಿ, ಆಟ ಮುಗದೈತಿ!"

೨. ಸವಣೂರಾಕಿಯ ದೊಡ್ಡ ಹೊಡತ

ಇದು ಸವಣೂರಾಕಿ ತಾನು ಸಾಯೂತನಕ ಹೇಳಕೊಂಡ ಹೊಡತ. ಆಕಿ ಹೊಡದ ಚೆಂಡು ಹಾರಲಿಲ್ಲ, ಉಳ್ಳಿತು. ಉಳ್ಳಿ ಉಳ್ಳಿ ಒಂದು ಎಮ್ಮಿ ಮಾರಿ ಮುಂದ ಹೋಗಿ ನಿಂತಿತು. ಹತ್ತಿಕಾಳು ಕಂಡ್ರ ಎಮ್ಮಿ ಬಿಡತೈತೇನ್ರಿ? ಮೂಸಿತು, ಚೆಂಡು ಬಾಯಾಗ ಹಾಕ್ಕೊಂತು, ಅಗಿಯಾಕ ಬರವಲ್ದು, ಉಗಳಾಕ ಮನಸು ಬರವಲ್ದು. ಗಲ್ಲ ಉಬ್ಬಿಸಿಕೊಂಡು ಊರ ಹಾದಿ ಹಿಡೀತು.

ನಾ ಅಂದೆ, "ಹೋಗಲಿ ಬಿಡ, ಬ್ಯಾರೆ ಚೆಂಡು ಸುತ್ತಿಕೊಡ್ತೇನಿ."

"ಯಾಕ ಬಿಡಲಿ? ತೂತಿನ್ಯಾಗ ಬೀಳೂತನಕ ಬಿಡೂಹಂಗಿಲ್ಲ ಅಂತ ಕಾರಕೂನರ ಹೇಳ್ಯಾರ" ಅಂತ ಕೋಲು ಎತ್ತಿಕೊಂಡು ಎಮ್ಮಿ ಬೆನ್ನ ಹತ್ತಿದಳು. ಆಕಿ ಹಿಂದ ನಾವು. ಎಮ್ಮಿ ಪ್ಯಾಟಿ ದಾಟಿತು, ಚಾವಡಿ ದಾಟಿತು, ಸೀದಾ ಹೋಗಿ ಒಂದು ಹಿತ್ತಲಕ್ಕ ಹೊಕ್ಕಿತು. ಯಾರದು ಅಂತ ತಿಳದೀರಿ? ಕಾರಕೂನರದ! ಅವರ ಮನಿ ಎಮ್ಮಿನ ಅದು.

ಸವಣೂರಾಕಿ ಎಮ್ಮಿ ದವಡಿಗೆ ಗುರಿ ಹಿಡದು ಕೋಲು ಎತ್ತೋದಕ್ಕೂ, ಕಾರಕೂನರ ಹೆಂಡ್ತಿ ಕಣಕದ ಕೈಲೆ ಹೊರಗ ಓಡಿ ಬರೋದಕ್ಕೂ ಸರಿ ಹೋತು.

"ಏ ಏ! ನಮ್ಮ ಎಮ್ಮಿಗೆ ಯಾಕ ಹೊಡೀತೀ?"

"ಎಮ್ಮಿಗೆ ಅಲ್ಲವಾ, ಚೆಂಡಿಗೆ. ನಿಮ್ಮ ಎಮ್ಮಿಗೆ ಒಂದಿಷ್ಟು ಬಾಯಿ ತಗೀ ಅಂತ ಹೇಳ, ನನ್ನ ಆಟ ನಿಂತೈತಿ."

ಗದ್ದಲ ಕೇಳಿ ಓಣಿ ಮಂದಿ ಕೂಡಿದ್ರು. ಅಷ್ಟರಾಗ ಕಾರಕೂನರೂ ಏದುಸಿರು ಬಿಡಕೋತ ಬಂದು, "ಏನವಾ ಇದು, ನಾಚಿಕಿ ಬ್ಯಾಡೇನು?" ಅಂದ್ರು.

ಸವಣೂರಾಕಿ ಕೋಲು ನೆಲಕ್ಕೂರಿ ಕೇಳಿದಳು: "ಖರೇ ಹೇಳ್ರಿ ಕಾರಕೂನರ, ನಿಮ್ಮ ಸಾಹೇಬ ಇಷ್ಟು ದಿನದಿಂದ ಹೊಡೀತಾನಲ್ಲ, ಒಂದ ಹೊಡತಕ್ಕ ಅವನ ಚೆಂಡು ನಿಮ್ಮ ಹಿತ್ತಲಕ್ಕ ಬಂದೈತೇನು?"

೩. ಕಡ್ಡಿ ಚುಚ್ಚಿದ ಹೆಂಡಿ

ನಮ್ಮಲ್ಲಿ ಒಂದು ಪದ್ಧತಿ ಐತಿ. ಹೆಂಡಿ ಕಂಡ ಕೂಡ್ಲೆ ಎತ್ತಾಕ ಆಗದಿದ್ರ, ಬುಟ್ಟಿ ತುಂಬಿದ್ರ ಅನ್ನೂಣು, ಅದರ ಮ್ಯಾಲೆ ಒಂದು ಕಡ್ಡಿ ಚುಚ್ಚಿ ಹೋಗೂದು. ಕಡ್ಡಿ ಚುಚ್ಚಿದ ಹೆಂಡಿ ಚುಚ್ಚಿದಾಕಿದು. ಆಕಿ ವೈರಿ ಬಂದ್ರೂ ಮುಟ್ಟೂಹಂಗಿಲ್ಲ. ಸರಕಾರ ಬದಲಾದ್ರೂ ಈ ಕಾಯಿದೆ ಬದಲಾಗಂಗಿಲ್ಲ.

ಒಂದಿನ ಸಾಹೇಬ ಹೊಡದ ಚೆಂಡು ಆಕಾಶಕ್ಕ ಹೋಗಿ ಬಂದು ಪಚಕ್ಕನ ಹಿರೇಕೆರೂರಾಕಿ ಕಡ್ಡಿ ಚುಚ್ಚಿದ್ದ ಹೆಂಡಿಯೊಳಗ ಕುಂತಿತು. ಸಾಹೇಬ ಕೋಲು ತಗೊಂಡು ಬಂದ. ಈಕಿ ಹೆಂಡಿ ಮುಂದ ಸೊಂಟದ ಮ್ಯಾಲೆ ಕೈ ಇಟಗೊಂಡು ನಿಂತಳು.

"ಕಾರಕೂನರ, ನನ್ನ ಹೆಂಡಿ ಚಿಲ್ಲಾಪಿಲ್ಲಿ ಮಾಡಬ್ಯಾಡ ಅಂತ ಹೇಳ್ರಿ."

"ಸಾಹೇಬ್ರ ಚೆಂಡು ಅದರಾಗೈತಿ!"

"ಇರಲಿ ಬಿಡ್ರಿ. ಚೆಂಡು ನಂದಲ್ಲ, ನಾ ಮುಟ್ಟೂದಿಲ್ಲ. ಹೆಂಡಿ ಅವರದಲ್ಲ, ಅವರು ಮುಟ್ಟಬಾರದು."

ಸಾಹೇಬ ಕಾಯಿದೆ ಮನಷಾ. ಚೆಂಡು ಕೈಲೆ ತಗಿಯಾಕ ಒಪ್ಪಲಿಲ್ಲ. ಈಕಿ ಕೋಲು ಹಚ್ಚಾಕ ಬಿಡಲಿಲ್ಲ. ಕಾರಕೂನ ನಡುವ ನಿಂತು ಇಬ್ಬರಿಗೂ ಕೈ ಮುಗದ. ಕಡೀಕ ಹಿರೇಕೆರೂರಾಕಿ ಚೆಂಡು ಸಮೇತ ಹೆಂಡಿ ಎತ್ತಿ ಬುಟ್ಟಿಗೆ ಹಾಕ್ಕೊಂಡು ಮನಿಗೆ ಹೊಂಟ್ಲು. ಚೆಂಡು ಇದ್ದಲ್ಲೆ ತಾನಿರಬೇಕಲ್ಲ, ಸಾಹೇಬನೂ ಬುಟ್ಟಿ ಹಿಂದ ಹೊಂಟ. ಆಕಿ ಮನಿ ಮುಟ್ಟಿದಾಕಿನ, ಆಕಿ ಮನಿಗೂ ನಮ್ಮ ಮನಿಗೂ ನಡುವ ಇರೂ ಗ್ವಾಡಿಗೆ ಕುಳ್ಳು ಬಡದ ಬಿಟ್ಲು. ಕುಳ್ಳಿನ ನಡುವ ಚೆಂಡು, ಹಣಿಮ್ಯಾಲೆ ಕುಂಕುಮ ಇದ್ದಂಗ.

ಸಾಹೇಬ ಗ್ವಾಡಿ ಮುಂದ ನಿಂತ. ಸೆಕಿಗೆ ಟೊಪಗಿ ತಗದು ಎಡಗೈಯಾಗ ಹಿಡಕೊಂಡ, ಬಲಗೈಯಾಗ ಕೋಲು. ಗ್ವಾಡಿಮ್ಯಾಲಿನ ಚೆಂಡು ಹೆಂಗ ಹೊಡೀಬೇಕು ಅಂತ ವಿಚಾರ ಮಾಡಾಕತ್ತಿದ್ದ. ಅಷ್ಟರಾಗ ನಮ್ಮ ಅತ್ತಿ ಹೊರಗ ಬಂದ್ರು. ಅವರಿಗೆ ಕಣ್ಣು ಮಂಜು.

"ಯಾರವಾ ಅದು, ಪಾಪ, ಕೋಲು ಹಿಡಕೊಂಡು ಎಷ್ಟೊತ್ತಿನಿಂದ ನಿಂತಾನ? ನೀವು ನೋಡಕೋತ ನಿಂತೀರಿ, ಹಸದವಗ ನೀಡಬಾರದೇನು?" ಅಂತ ಬೈದು, ಒಳಗ ಹೋಗಿ ಒಂದು ಬಿಸಿ ರೊಟ್ಟಿ, ಅದರ ಮ್ಯಾಲೆ ಖಾರಬ್ಯಾಳಿ ತಂದು ಸಾಹೇಬನ ಟೊಪಗ್ಯಾಗ ಹಾಕಿದ್ರು.

ಸಾಹೇಬ ಟೊಪಗಿ ನೋಡಿದ, ನಮ್ಮ ಅತ್ತಿ ಮಾರಿ ನೋಡಿದ, ಅಲ್ಲೆ ಕಟ್ಟಿಮ್ಯಾಲೆ ಕುಂತು ರೊಟ್ಟಿ ತಿಂದ. ಕಣ್ಣಾಗ ನೀರು ಸುರೀತು. ಅತ್ತಿ ತಲಿಮ್ಯಾಲೆ ಕೈ ಇಟ್ಟು ಅಂದ್ರು, "ಅಳಬ್ಯಾಡಪ್ಪಾ. ನಾಳೆನೂ ಬಾ."

೪. ಸಾಕ್ಷಿ

ನನ್ನದೊಂದು ಹೊಡತ ಹೇಳದಿದ್ರ ಹೆಂಗ? ಒಂದಿನ ಕಣ್ಣು ಮುಚ್ಚಿ ಹೊಡದೆ. ಕಣ್ಣು ತಗದು ನೋಡಿದ್ರ ಚೆಂಡು ದೂರದ ಬಾವುಟದ ಬುಡಕ್ಕ ಹೋಗಿ, ತೂತಿನ್ಯಾಗ ಗುಳುಕ್ಕನ ಬಿತ್ತು. ಒಂದ ಹೊಡತಕ್ಕ! ಆದ್ರ ಆ ಹೊತ್ತಿನ್ಯಾಗ ಬಂಕಾಪುರ ಕಡಿಂದ ಒಂದು ನವಿಲು ಬಂದಿತ್ತು. ಸಾಹೇಬ, ಕಾರಕೂನ, ನನ್ನ ಗೆಳತ್ಯಾರು, ಎಲ್ಲಾರೂ ಅದರ ಕುಣಿತ ನೋಡಾಕತ್ತಿದ್ರು. ಯಾರೂ ನಂಬಲಿಲ್ಲ.

ಮನಿಗೆ ಬಂದು ನಮ್ಮ ಮನಿಯವರಿಗೆ ಹೇಳಿದ್ರ ಅವರೂ, "ಹೋಗ, ನೀನ ಕೈಲೆ ಹಾಕಿರಬೇಕು" ಅಂದ್ರು.

ನಾ ಅವತ್ತು ಒಲಿ ಹಚ್ಚಲಿಲ್ಲ.

ಮರುದಿನ ಮುಂಜಾನೆ ನಮ್ಮ ಮನಿಯವರು ಕಟ್ಟಿಮ್ಯಾಲೆ ನಿಂತು ಓಣಿಗೆಲ್ಲಾ ಕೇಳೂಹಂಗ ಹೇಳಾಕತ್ತಿದ್ರು: "ನಮ್ಮಾಕಿ ಒಂದ ಹೊಡತಕ್ಕ ಹಾಕ್ಯಾಳ. ನಾನ ನಿಂತು ನೋಡೇನಿ!" ಉಪಾಸ ಬಿದ್ದ ಗಂಡನ ಕಣ್ಣಿಗೆ ನಿನ್ನಿದೂ ಕಾಣತೈತಿ.

೫. ಬೇಲಿ

ಮಳಿ ಮೋಡ ಕಾಣಾಕ ಹತ್ತಿದ್ವು. ಗಾಯರಾಣದ ಸುತ್ತ ಕಂಬ ಹುಗದ್ರು, ತಂತಿ ಸುರುಳಿ ಬಂದು ಬಿದ್ವು. ಧಾರವಾಡದಿಂದ ದೊಡ್ಡ ಸಾಹೇಬ ಬರಾವ ಇದ್ದ. ಅಂವ ಒಂದು ಆಟ ಆಡಿ, ಬೈಲು ಮನಸಿಗೆ ಬಂದು ಹೂಂ ಅಂದ್ರ ಬೇಲಿ ಬಿಗಿಯೂದು. ಆಮ್ಯಾಲೆ ನಾವೂ ಹೊರಗ, ದನಾನೂ ಹೊರಗ. ಕೋಲು ತೋರಿಸಿ ಒಳಗ ಹೋಗೂ ಆಟಾನೂ ಮುಗದಂಗ. ನಮ್ಮ ಬಣವಿ ಇನ್ನೂ ಅರ್ಧಕ್ಕ ಬಂದಿತ್ತು.

ಇಂಥಾದ್ರಾಗ ಒಂದಿನ ಕಾರಕೂನ ತಾನಾಗಿ ನಮ್ಮ ಓಣಿಗೆ ಬಂದ. ಮಾರಿ ಬಾಡಿತ್ತು. ಬ್ಯಾಸಗಿಗೆ ಎರಿ ನೆಲ ಬಿರಕು ಬಿಟ್ಟಿತ್ತು ನೋಡ್ರಿ, ಬಾವುಟದ ಸುತ್ತ ಚೆಂಡು ತೂತಿಗೆ ಹೋಗೂ ಬದ್ಲಿ ಬಿರಕಿಗೆ ಹೋಗಾಕ ಹತ್ತಿತ್ತು.

"ಅವ್ವಾಗೋಳ್ರ್ಯಾ, ನೀವು ರಾಶಿ ಮಾಡೂ ಕಣ ಸಾರಸ್ತೀರಲ್ಲ, ಹಂಗ ಬಾವುಟದ ಸುತ್ತ ಒಂದಿಷ್ಟು ಸಾರಿಸಿಕೊಡ್ರಿ. ದೊಡ್ಡ ಸಾಹೇಬ್ರು ನಾಳೆ ಬರ್ತಾರ."

"ಬುಟ್ಟಿ ತಗೊಂಡು ಬರಬ್ಯಾಡ ಅಂದಿದ್ರಲ್ಲ?" ಅಂದಳು ಸವಣೂರಾಕಿ.

"ನಾಳೆ ಒಂದಿನ ತರ್ರಿ."

"ಒಂದಿನಕ್ಕ ನಮ್ಮ ಬುಟ್ಟಿ ಏಳಂಗಿಲ್ರಿ."

ನಾ ಆಕಿ ಕೈ ಚಿವುಟಿ, "ಸಾರಸ್ತೇವ್ರಿ, ನಡೀರಿ" ಅಂದೆ.

ಮುಂಜಾನೆನ ಹೋಗಿ ಬಾವುಟದ ಸುತ್ತ ಕನ್ನಡಿಹಂಗ ಸಾರಿಸಿದ್ವಿ. ಸಾರಿಸಿದ ನೆಲ ಬರಿದ ಬಿಡಬಾರದು ಅಂತ ಅಂಚಿಗೆ ರಂಗೋಲಿ ಹಾಕಿದ್ವಿ. ಹೊತ್ತು ಏರಿ ನೆಲ ಆರಿತು. ಸಂಜಿಮುಂದ ದೊಡ್ಡ ಸಾಹೇಬ ಬಂದ, ಮಳಕಾಲ ತನಕ ಬೂಟು. ಅವನ ಚೆಂಡು ರಂಗೋಲಿ ಅಂಚಿಗೆ ಬಂದು ನಿಂತಿತು. ಇನ್ನೇನು ಒಳಗ ಕಾಲಿಡಬೇಕು, ಹಿರೇಕೆರೂರಾಕಿ ಕಸಬರಿಗಿ ಅಡ್ಡ ಹಿಡದಳು.

"ನಿಂದರ್ರಿ! ಬೂಟು ಕಳೀರಿ."

ಕಾರಕೂನ ಬೆಳ್ಳಗಾದ. "ಏ, ಅವರು ಯಾರು ಗೊತ್ತೈತೇನು?"

"ಯಾರ ಇರಲಿ. ಮಠದ ಸ್ವಾಮಿಗೋಳ ಬಂದ್ರೂ ಹೊರಗ ಕಳದ ಬರತಾರ. ಇದು ಸಾರಿಸಿದ ನೆಲ."

ನಾವೂ ಇಬ್ಬರು ಆಕಿ ಎಡಕ್ಕ ಬಲಕ್ಕ ನಿಂತ್ವಿ. ದೊಡ್ಡ ಸಾಹೇಬ ರಂಗೋಲಿ ನೋಡಿದ, ಕಸಬರಿಗಿ ನೋಡಿದ, ಕುಂತು ಬೂಟು ಕಳದ. ಅಂವ ಕಳದ ಮ್ಯಾಲೆ ನಮ್ಮ ರಸ್ತೆ ಸಾಹೇಬನೂ ಕಳದ. ಇಬ್ಬರೂ ಕಳದ ಮ್ಯಾಲೆ ಕಾರಕೂನ ಬಿಡಾಕ ಬರತೈತೇನು? ಅತ್ಲಾಗ ಇತ್ಲಾಗ ನೋಡಿ ಅವನೂ ಕಳದ. ಅಯ್ಯ ಶಿವನ! ಮ್ಯಾಲೆ ನೋಡಿದ್ರ ಕರೀ ಕಾಲಚೀಲ, ಕೆಳಗ ನೋಡಿದ್ರ ಬರೇ ಅಂಗಾಲು. ಅಡಿ ಇಲ್ಲದ ಕಾಲಚೀಲ ನಾ ಅವತ್ತ ಮೊದಲ ಕಂಡದ್ದು.

ದೊಡ್ಡ ಸಾಹೇಬ ಬರಿಗಾಲಿಲೆ ನಿಂತು ಮೆತ್ತಗ ಹೊಡದ. ಚೆಂಡು ಬೆಣ್ಣಿಮ್ಯಾಲೆ ಹೋದಂಗ ಹೋಗಿ ತೂತಿಗೆ ಬಿತ್ತು. ಅಂವ ಹುಡುಗರಂಗ ಜಿಗದ. ಈ ನೆಲ ಮಾಡಿದೋರು ಯಾರು, ಹಿಂಗ ವಾರ ವಾರ ಮಾಡ್ತಾರೇನು ಅಂತ ಕೇಳಿದ.

ನಾ ಮುಂದ ಬಂದೆ. "ಮಾಡ್ತೇವ್ರಿ. ಆದ್ರ ಅದಕ್ಕ ಹೆಂಡಿ ಬೇಕು. ಹೆಂಡಿಗೆ ದನಾ ಬೇಕು. ದನಾ ತಂತಿ ಹಾರಿ ಬರಂಗಿಲ್ಲ. ನಾವೂ ಸೀರಿ ಉಟ್ಟಾವ್ರು, ಹಾರಂಗಿಲ್ಲ. ಬೇಲಿ ಬಿಗದ್ರ ವಾರ ವಾರ ಸಾಹೇಬ್ರು ತಾವ ಬುಟ್ಟಿ ಹೊತ್ತು ಹೆಂಡಿ ತರಬೇಕು. ಕಾರಕೂನರ, ಇದರಾಗ ಒಂದು ಮಾತೂ ಬಿಡದ ಹೇಳ್ರಿ."

ಕಾರಕೂನ ನೆಲ ನೋಡಕೋತ ಹೇಳಿದ. ಬಿಡಲಿಲ್ಲ ಅಂತ ಕಾಣತೈತಿ, ಯಾಕಂದ್ರ ದೊಡ್ಡ ಸಾಹೇಬ ಹೊಟ್ಟಿ ಹಿಡಕೊಂಡು ನಕ್ಕ. ಆಮ್ಯಾಲೆ ತಂತಿ ಸುರುಳಿ ಕಡೆ ಬೊಟ್ಟು ಮಾಡಿ ಏನೋ ಅಂದ. ಕೂಲಿ ಮಂದಿ ಆಗಿಂದಾಗ ಅವನ್ನ ಗಾಡಿಗೆ ಹೇರಾಕ ಹತ್ತಿದ್ರು.

ಸಾಹೇಬ್ರು ಹೋದ್ರು. ಕಾರಕೂನ ಬೂಟು ಎರಡೂ ಕೈಯಾಗ ಹಿಡಕೊಂಡು, ತನ್ನ ಮಾನ ತಾನ ಎತ್ತಿ ನಿಲ್ಲಸೂಹಂಗ ಗಂಟಲು ಸರಿ ಮಾಡಕೊಂಡು ಹೇಳಿದ: "ಆತು. ಇನ್ನ ಮ್ಯಾಲೆ ನೀವು ಇಲ್ಲಿ ದಿನಾ ಬರಾಕ ಏನೂ ಅಡ್ಡಿಯಿಲ್ಲ."

ಸವಣೂರಾಕಿ ಪಿಚಕ್ಕನ ಎಲಿರಸ ಉಗಳಿ ಅಂದಳು, "ನೀವೂ ದಿನಾ ಬರ್ರಿ ಕಾರಕೂನರ, ನಮ್ಮದೂ ಏನೂ ಅಡ್ಡಿಯಿಲ್ಲ. ಬರೂಮುಂದ ಅಷ್ಟ ಕಾಲು ತೊಳಕೊಂಡು ಬರ್ರಿ."