ಅಣಕು ಪ್ರವಾಹ

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನ್ನ ಚಟ ಅವೆರಡಕ್ಕಿಂತ ಕೆಟ್ಟದ್ದು. ಇಂಗ್ಲಿಷ್ ಪದವೊಂದು ಕಿವಿಗೆ ಬಿದ್ದರೆ ಸಾಕು, ಅದಕ್ಕೊಂದು ಕನ್ನಡ ಪದ ಹುಡುಕುವ ತನಕ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಕನ್ನಡ ಮಾಸ್ತರನಿಗೆ ಇದು ನೌಕರಿಯ ಜೊತೆಗೇ ಬರುವ ಕಾಯಿಲೆ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ. ನನ್ನ ಹೆಂಡತಿ ಗಿರಿಜಾ ಅದನ್ನು ಹುಚ್ಚು ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ಅವಳ ಮಾತಿಗೂ ಆಧಾರವಿದೆ. ಮನೆಗೆ ಹೊಸ ಫ್ರಿಜ್ ತಂದ ದಿನ ನಾನು ಗಜೇಂದ್ರಗಡದ ಬೀಗರಿಗೆ ಫೋನ್ ಮಾಡಿ, "ಮನಿಗೆ ಶೀತಲ ಪೆಟ್ಟಿಗಿ ತರಸೀವ್ರಿ" ಎಂದು ಹಿಗ್ಗಿನಿಂದ ಹೇಳಿದ್ದೆ. ಆ ಕಡೆಯಿಂದ ಮೆಲ್ಲಗೆ, "ಅಯ್ಯೋ ಶಿವನ, ಯಾರು ತೀರಿಕೊಂಡ್ರಿ?" ಎಂಬ ಪ್ರಶ್ನೆ ಬಂತು. ನಾನು ವಿವರಿಸುವುದರೊಳಗೆ ಫೋನ್ ಇಟ್ಟಿದ್ದರು. ಮಧ್ಯಾಹ್ನದ ಬಸ್ಸಿಗೆ ನಾಲ್ಕು ಜನ ಹೂವಿನ ಹಾರ ಹಿಡಿದುಕೊಂಡು ನಮ್ಮ ಬಾಗಿಲಲ್ಲಿ ಇಳಿದರು. ಅಂದಿನಿಂದ ಮನೆಗೆ ಏನು ತಂದರೂ ಸುದ್ದಿ ಮುಟ್ಟಿಸುವ ಖಾತೆ ಗಿರಿಜಾಳದು.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಈ ವರ್ಷ ಮಳೆಗಾಲಕ್ಕೆ ಮೊದಲು ರೋಣದ ತಾಲೂಕು ಕಚೇರಿಯಲ್ಲೊಂದು ಸಭೆಯಾಯಿತು. ಹೊಳೆ ದಂಡೆಯ ಊರುಗಳಲ್ಲಿ ಜನ ಪ್ರವಾಹಕ್ಕೆ ಮೊದಲೇ ತಯಾರಾಗಬೇಕು, ಅದಕ್ಕಾಗಿ ಪ್ರತಿ ಊರಿನಲ್ಲೂ ಒಂದು ದಿನ ‘ಮಾಕ್ ಡ್ರಿಲ್’ ನಡೆಸಬೇಕು ಎಂದರು. ಹೊಳೆಆಲೂರಿನಲ್ಲಿ ನಮ್ಮ ಓಣಿಯ ಜವಾಬ್ದಾರಿ ನನ್ನ ಕೊರಳಿಗೆ ಬಿತ್ತು. ನಿಜ ಹೇಳಬೇಕೆಂದರೆ ಈ ಕೆಲಸಕ್ಕೆ ನನ್ನಷ್ಟು ನಾಲಾಯಕ್ ಮನುಷ್ಯ ಇನ್ನೊಬ್ಬನಿಲ್ಲ. ನಾನು ಹುಟ್ಟಿ ಬೆಳೆದದ್ದು ಸೂಡಿಯಲ್ಲಿ, ಒಣ ಬೇಸಾಯದ ಊರು. ಅಲ್ಲಿ "ಬಂತ, ಬಂತ!" ಎಂದು ಯಾರಾದರೂ ಕೂಗಿದರೆ ನಳದಲ್ಲಿ ನೀರು ಬಂತೆಂದು ಅರ್ಥ. ಹೊಳೆಆಲೂರಿಗೆ ಬಂದ ಮೊದಲ ಮಳೆಗಾಲದಲ್ಲಿ ಓಣಿಯ ತುಂಬ "ಬಂತ, ಬಂತ!" ಎಂಬ ಕೂಗು ಕೇಳಿದಾಗ ನಾನು ಎರಡು ಕೊಡ ಹಿಡಿದುಕೊಂಡು ಓಡಿದ್ದೆ. ಎದುರಿಗೆ ಜನ ಹಾಸಿಗೆ ಹೊತ್ತುಕೊಂಡು ಓಡಿ ಬರುತ್ತಿದ್ದರು. ಬಂದದ್ದು ನಳವಲ್ಲ, ಮಲಪ್ರಭೆ.

ಆ ದಿನದ ಇನ್ನೊಂದು ನೋಟ ಮಾತ್ರ ನಗುವಂಥದ್ದಲ್ಲ. ನಮ್ಮ ಓಣಿಯ ಕಟ್ಟಕಡೆಯ ಮನೆ ನೀಲವ್ವನದು. ಮೂವರು ಸೊಸೆಯಂದಿರು, ಎಂಟು ಮೊಮ್ಮಕ್ಕಳು, ನಾಲ್ಕು ಎಮ್ಮೆಗಳ ಯಜಮಾನಿ. ಆಕೆ ಎದ್ದರೆ ಓಣಿ ಏಳುತ್ತದೆ, ಆಕೆ ಕುಳಿತರೆ ಓಣಿ ಕೂಡುತ್ತದೆ. ಆ ದಿನ ನೀರು ಅಂಗಳಕ್ಕೆ ಬಂದರೂ ಆಕೆ ಕಟ್ಟೆ ಬಿಟ್ಟು ಏಳಲಿಲ್ಲ. ಆಕೆ ಏಳದ ಕಾರಣಕ್ಕೆ ಸೊಸೆಯಂದಿರು ಏಳಲಿಲ್ಲ, ಸೊಸೆಯಂದಿರು ಏಳದ ಕಾರಣಕ್ಕೆ ಅಕ್ಕಪಕ್ಕದ ಹತ್ತು ಮನೆಯವರು ಏಳಲಿಲ್ಲ. ಕಡೆಗೆ ಸೊಂಟದ ಮಟ ನೀರಿನಲ್ಲಿ ಗಾದಿ ಮಾಡುವ ರಾಜೇಸಾಬ ತನ್ನ ಅರಳೆಯ ಮೂಟೆಗಳನ್ನೆಲ್ಲ ಹೊಳೆಪಾಲು ಮಾಡಿ, ತಳ್ಳುಗಾಡಿಯಲ್ಲಿ ಆಕೆಯನ್ನು ಕೂಡಿಸಿ ಎಳೆದು ತಂದ. ನಡುದಾರಿಯಲ್ಲಿ ಗಾಡಿ ಒಂದು ಕಡೆ ವಾಲಿತ್ತು. ಮತ್ತೊಮ್ಮೆ ಹೊಳೆ ಬಂದು, ನೀಲವ್ವ ಮತ್ತೆ ಕಟ್ಟೆಯ ಮೇಲೆ ಕುಳಿತರೆ ಎಲ್ಲರೂ ಉಳಿಯುತ್ತಾರೆಂಬ ಭರವಸೆ ನನಗಿರಲಿಲ್ಲ. ಆದ್ದರಿಂದ ಏನಾದರಾಗಲಿ, ಈ ಸಲ ನೀಲವ್ವನನ್ನು ಏಳಿಸಿಯೇ ತೀರುತ್ತೇನೆಂದು ನಿಶ್ಚಯಿಸಿದೆ.

ನಿಶ್ಚಯ ಚಲೋದೇ ಇತ್ತು, ಕೆಡಿಸಿದ್ದು ಭಾಷಾಂತರ. ‘ಮಾಕ್ ಡ್ರಿಲ್’ ಎಂದು ಬರೆಯಲು ನನ್ನ ಕೈ ಬರಲಿಲ್ಲ. ಪತ್ರಿಕೆಗಳಲ್ಲಿ ‘ಅಣಕು ಪ್ರದರ್ಶನ’ ಎನ್ನುತ್ತಾರೆ. ನಾನು ಅದನ್ನು ಇನ್ನೂ ತಿದ್ದಿ, ಓಣಿಯ ಬೇವಿನ ಗಿಡದ ಕೆಳಗಿನ ಹಲಗೆಯ ಮೇಲೆ ಗುಂಡಾದ ಅಕ್ಷರಗಳಲ್ಲಿ, ‘ಬರುವ ರವಿವಾರ ಮುಂಜಾನೆ ಅಣಕು ಪ್ರವಾಹ. ಎಲ್ಲರೂ ಭಾಗವಹಿಸಿರಿ’ ಎಂದು ಬರೆದೆ. ದೂರ ನಿಂತು ನೋಡಿ ನನ್ನ ಕನ್ನಡಕ್ಕೆ ನಾನೇ ತಲೆದೂಗಿದೆ.

ಮರುದಿನ ಮುಂಜಾನೆ ನೀಲವ್ವನಿಂದ ಕರೆ ಬಂತು. ಹೋದೆ. ಆಕೆ ಕಟ್ಟೆಯ ಮೇಲೆ ಕುಳಿತಿದ್ದಳು. ಸುತ್ತ ಓಣಿಯ ಹೆಣ್ಣುಮಕ್ಕಳೆಲ್ಲ ನಿಂತಿದ್ದರು.

"ಮಾಸ್ತರ, ಹಲಗಿ ಮ್ಯಾಲ ನೀವ ಏನ ಬರ್ದೀರಿ?"

"ಅಣಕು ಪ್ರವಾಹ ಅಂತರಿ."

"ಅಂದ್ರ ಹೊಳಿ ಗಂಗವ್ವನ್ನ ಅಣಕಸೂದು?"

"ಹಂಗಲ್ರಿ ನೀಲವ್ವಾರ. ಹೊಳಿ ಬಂದಂಗ ಮಾಡೂದು. ಅಂದ್ರ ಸುಳ್ಳs..."

"ಸುಳ್ಳು ಬ್ಯಾರೆ! ಆಕೀಗೆ ಸಿಟ್ಟು ಬಂದ್ರ ನಿಮ್ಮ ಹಲಗಿ ತಡೀತೈತೇನು? ಮುಖದ ಮುಂದ ನಿಂತು ಅಣಕಸಿದ್ರ ನನ್ನ ಮೊಮ್ಮಗಾನೂ ಸುಮ್ನ ಇರಂಗಿಲ್ಲ. ನಮ್ಮ ಓಣ್ಯಾಗ ಇದು ಆಗೂದಲ್ಲ, ಹೋಗ್ರಿ."

ಮನೆಗೆ ಬಂದು ಹೇಳಿದರೆ ಗಿರಿಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಹಠ ಬಿಡಲಿಲ್ಲ. ಹಲಗೆ ಒರೆಸಿ ‘ಹುಸಿ ಪ್ರವಾಹ’ ಎಂದು ಬರೆದೆ. ನೀಲವ್ವನ ಹಿರಿಯ ಸೊಸೆ ಬಂದು ನನ್ನ ಮುಂದೆಯೇ ಸೆರಗಿನಿಂದ ಒರೆಸಿ ಹೋದಳು. ‘ಸೋಗಿನ ಪ್ರವಾಹ’ ಎಂದು ಬರೆದಾಗ ರಾಜೇಸಾಬ ಬಿಲ್ಲಿನಿಂದ ಅರಳೆ ಎಕ್ಕುತ್ತಿದ್ದವನು ಕೆಲಸ ಬಿಟ್ಟು ಎದ್ದು ಬಂದ. "ಮಾಸ್ತರ, ಕೈ ಮುಗೀತೀನಿ, ಬರಿಯೂದು ಬಿಡ್ರಿ. ಹೋದ ಸಲ ನೀಲವ್ವ ಯಾಕ ಏಳಲಿಲ್ಲ ಅಂತ ಒಮ್ಮೆರೆ ಕೇಳೀರೇನು?" ಎಂದ. ಕೇಳಿರಲಿಲ್ಲ. ಆಕೆ ಹಟಮಾರಿ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಇಷ್ಟು ವರ್ಷ ಮಕ್ಕಳಿಗೆ ಪ್ರಶ್ನಾರ್ಥಕ ವಾಕ್ಯ ಕಲಿಸಿದವನಿಗೆ ಒಂದು ಪ್ರಶ್ನೆ ಕೇಳಬೇಕೆಂದು ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಅಂದೇ ಹೋಗಿ ಕೇಳಿದೆ. ನೀಲವ್ವ ನನ್ನನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿದಳು.

"ಗಂಗವ್ವ ಮನಿ ಬಾಗಲಕ್ಕ ಬಂದಾಳ. ಮನಿಗೆ ಬಂದ ಹೆಣ್ಣಮಗಳಿಗೆ ಉಡಿ ತುಂಬದ ಹ್ಯಾಂಗ ಎದ್ದು ಹೋಗಲಿ, ಮಾಸ್ತರ? ಖಣ ಟ್ರಂಕಿನ್ಯಾಗಿತ್ತು, ಟ್ರಂಕು ಅಟ್ಟದ ಮ್ಯಾಲಿತ್ತು. ಗದ್ದಲದಾಗ ಒಬ್ರೂ ತಗದು ಕೊಡಲಿಲ್ಲ. ನಾ ಹಂಗs ಕುಂತೆ."

ಮಡಿಲು ತುಂಬುವ ಒಂದು ರವಿಕೆ ಖಣ, ಹಿಡಿ ಅಕ್ಕಿ, ಒಂದು ಕೊಬ್ಬರಿ ಬಟ್ಟಲಿಗಾಗಿ ಹತ್ತು ಮನೆಯ ಜೀವ ನೀರಿನಲ್ಲಿ ನಿಂತಿತ್ತು. ಧೈರ್ಯ ತಂದುಕೊಂಡು, "ಆಕಿ ಬರೂಕಿಂತ ಮೊದಲs ನಾವs ಹೋಗಿ ಉಡಿ ತುಂಬಿ ಬಂದ್ರ ನಡೀತದೇನ್ರಿ? ರವಿವಾರ ದಂಡಿಗೆ ಹೋಗಿ ತುಂಬೂದು, ಹೋಗ್ತೀವಿ ಅಂತ ಹೇಳೂದು, ಹಂಗs ದಿನ್ನಿ ಮ್ಯಾಲಿನ ಸಾಲಿಗೆ ಹೋಗೂದು" ಎಂದೆ.

ನೀಲವ್ವ ಬಾಯೊಳಗಿನ ಅಡಿಕೆ ಉಗುಳಿದಳು. "ನಡೀತೈತಿ. ಆದ್ರ ಒಂದು ಮಾತು. ಹೇಳಿ ಹೊಂಟಮ್ಯಾಲ ಸುಳ್ಳ ಸುಳ್ಳ ಹೋಗೂದು ಬ್ಯಾಡ. ಖರೇ ಹೋಗೂದು. ದನಾ, ಕಾಳು, ಕಾಗದಪತ್ರ ಎಲ್ಲಾ ತಗೊಂಡು."

ರವಿವಾರ ಮುಂಜಾನೆ ಇಡೀ ಓಣಿ ದಂಡೆಯಲ್ಲಿತ್ತು. ಹೊಳೆ ಇನ್ನೂ ಬಡಕಲಾಗಿ ಕಲ್ಲುಗಳ ನಡುವೆ ಹರಿಯುತ್ತಿತ್ತು. ನೀಲವ್ವ ನೀರಿಗೆ ಅರಿಸಿನ ಕುಂಕುಮ ಏರಿಸಿ, ಖಣ ತೇಲಿಬಿಟ್ಟು, ಮಗಳಿಗೆ ಹೇಳುವಂತೆ ಹೇಳಿದಳು: "ಯವ್ವಾ, ನಿನ್ನ ಉಡಿ ತುಂಬೀನಿ. ಈ ವರ್ಷ ನೀ ಬಂದ್ರ ಮನ್ಯಾಗ ಯಾರೂ ಇರಂಗಿಲ್ಲ. ಸಿಟ್ಟ ಆಗಬ್ಯಾಡ, ಬಂದ ಹಾದೀಲೆ ಹೋಗು." ಆಕೆ ತಿರುಗಿ ನೋಡದೆ ದಿನ್ನೆ ಹತ್ತತೊಡಗಿದಳು. ಹಿಂದೆ ಸೊಸೆಯಂದಿರು, ಎಮ್ಮೆಗಳು, ಜೋಳದ ಚೀಲಗಳು. ರಾಜೇಸಾಬನ ಗಾಡಿಯಲ್ಲಿ ಈ ಸಲ ಅರಳೆಯ ಮೂಟೆಗಳೇ ಇದ್ದವು. ಆಧಾರ್ ಕಾರ್ಡು, ಜಮೀನಿನ ಪಹಣಿ, ಮಕ್ಕಳ ಅಂಕಪಟ್ಟಿಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪ್ರತಿ ಮನೆಯವರೂ ಕೊರಳಿಗೆ ಹಾಕಿಕೊಂಡಿದ್ದರು. ಬಿಸಿಲು ಏರುವುದರೊಳಗೆ ಓಣಿ ಪೂರ್ತಿ ಖಾಲಿ. ನಾನು ಕೊರಳಲ್ಲಿ ಸೀಟಿ, ಕೈಯಲ್ಲಿ ರಜಿಸ್ಟರ್ ಹಿಡಿದು ಶಾಲೆಯ ಬಾಗಿಲಲ್ಲಿ ನಿಂತು ಎದೆಯುಬ್ಬಿಸಿ ಎಣಿಸುತ್ತಿದ್ದೆ.

ನೀಲವ್ವ ನನ್ನ ಮುಂದೆ ನಿಂತಳು. "ಮಾಸ್ತರ, ನಿಮ್ಮ ಗಂಟೆಲ್ಲಿ?"

"ನಂದೇನ್ರಿ? ನಾ ಇದನ್ನ ಮಾಡಸಾಂವ."

"ಹೊಳಿ ಹಂಗ ಕೇಳ್ತಾಳೇನು, ಮಾಡಾಂವ ಯಾರು, ಮಾಡಸಾಂವ ಯಾರಂತ? ನಡೀರಿ, ತಗೊಂಡು ಬರ್ರಿ. ನೀವು ಬರೂತನಕ ಇಲ್ಲಿ ಯಾರೂ ಉಣ್ಣಂಗಿಲ್ಲ."

ರೊಟ್ಟಿ, ಝುಣಕದ ವಾಸನೆ ಬರುತ್ತಿತ್ತು. ಇಡೀ ಓಣಿ ನನ್ನನ್ನು ನೋಡುತ್ತಿತ್ತು. ಗಿರಿಜಾ ಬೇಕೆಂದೇ ಆಕಾಶ ನೋಡುತ್ತಿದ್ದಳು; "ನಾವೂ ಗಂಟು ಕಟ್ಟೂಣೇನ್ರಿ?" ಎಂದು ಮುಂಜಾನೆ ಕೇಳಿದವಳನ್ನು "ನಮಗ್ಯಾಕ?" ಎಂದು ಗದರಿಸಿದವನು ನಾನೇ. ಇಳಿದು ಮನೆಗೆ ಓಡಿದೆ. ಯಾವ ಕಾಗದ ಯಾವ ಡಬ್ಬಿಯಲ್ಲಿದೆ ಎಂದು ನನಗೆ ಗೊತ್ತಿದ್ದರೆ ತಾನೆ! ಸಿಕ್ಕಿದ್ದನ್ನೆಲ್ಲ ಚಾದರಿನಲ್ಲಿ ಕಟ್ಟಿ ಏದುಸಿರು ಬಿಡುತ್ತಾ ಮೇಲೆ ಬಂದೆ. ಗಿರಿಜಾ ಎಲ್ಲರೆದುರು ಗಂಟು ಬಿಚ್ಚಿದಳು. ಎರಡು ನಿಘಂಟು, ದಾಡಿ ಸಾಮಾನು, ಎಡಗಾಲಿನವೇ ಆದ ಎರಡು ಚಪ್ಪಲಿ. "ರೇಷನ್ ಕಾರ್ಡು? ನಿಮ್ಮ ಬೀಪಿ ಗುಳಿಗಿ?" ಎಂದಳು. ನಾನು ರೊಟ್ಟಿಯ ಕಡೆ ನೋಡಿದೆ.

ಸಂಜೆ ರೋಣದ ಕಚೇರಿಯಿಂದ ಫೋನ್ ಬಂತು. ಓಣಿಯವರೆಲ್ಲ ಎದ್ದರೆಂದು ಹೇಳಿದಾಗ ಆ ಅಧಿಕಾರಿಗೆ ಬಹಳ ಸಂತೋಷವಾಯಿತು. "ತಯಾರಿ ಇಲ್ಲದ ಮನಿ ಎಷ್ಟ್ರಿ?" ಎಂದು ಕೇಳಿದರು.

"ಒಂದs ರೀ."

"ಒಂದು ಅಂತ ಬಿಡಬ್ಯಾಡ್ರಿ, ಮಾಸ್ತರ. ಸಾಲಿ ಕಲೀದ ಮಂದಿ ಇರಬೇಕು. ನೀವ ಒಮ್ಮೆ ಅವರ ಮನಿಗೆ ಹೋಗಿ, ಅವರಿಗೆ ತಿಳಿಯೋ ಅಂಥಾ ಕನ್ನಡದಾಗ ಹೇಳ್ರಿ."

"ಹೇಳ್ತೀನ್ರಿ" ಎಂದು ಫೋನ್ ಇಟ್ಟು, ಮನೆಗೆ ಹೋದೆ.